ಆರಂಭಿಕರ ಕೇಕ್ ಅಲಂಕಾರ ತರಗತಿಗೆ ಹಣ ಕೊಟ್ಟು ಸೇರಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ನೀವು ದಾವಣಗೆರೆಯಲ್ಲಿದ್ದೀರಿ, ಮನೆಯ ಓವನ್‌ನಲ್ಲಿ ಮೊಟ್ಟೆಯಿಲ್ಲದ ಸ್ಪಾಂಜ್, ಅಂದರೆ ಕ್ರೀಮ್ ಹಚ್ಚದ ಬರಿಯ ಕೇಕ್, ಚೆನ್ನಾಗಿಯೇ ಮಾಡುತ್ತೀರಿ, ಆದರೆ ಅದಕ್ಕೆ ಕ್ರೀಮ್ ಹಚ್ಚಿ ಅಲಂಕರಿಸಲು ಬರುವುದಿಲ್ಲ. ಊರಿನಲ್ಲಿ ಆರಂಭಿಕರಿಗಾಗಿ ಮೂರು ದಿನಗಳ, ದಿನಕ್ಕೆ ಐದು ಗಂಟೆಗಳ ತರಗತಿಯೊಂದರ ಜಾಹೀರಾತು ನೋಡಿದ್ದೀರಿ. ಹನ್ನೆರಡು ಬಗೆಯ ಕೇಕ್ ಕಲಿಸುವುದಾಗಿ ಹೇಳಿ ಆರು ಸಾವಿರ ರೂಪಾಯಿ ಶುಲ್ಕ ಕೇಳಿದ್ದಾರೆ. ಯೂಟ್ಯೂಬ್‌ನಲ್ಲಿ ಎಲ್ಲವೂ ಸಿಗುವಾಗ ಇಷ್ಟು ಹಣ ಕೊಡಬೇಕೇ, ಕೊಟ್ಟರೆ ಏನು ಕಲಿಯಬಹುದು, ಮುಂದೆ ಮನೆಯಿಂದಲೇ ಆರ್ಡರ್ ತೆಗೆದುಕೊಳ್ಳಲು ಇಷ್ಟು ಸಾಕೇ ಎಂದು ಕೇಳಿದ್ದೀರಿ. ನಾನೂ ಇಂಥದೇ ತರಗತಿಯಿಂದ ಆರಂಭಿಸಿ ಈಗ ಮೈಸೂರಿನಲ್ಲಿ ಮನೆಯಿಂದ ಹುಟ್ಟುಹಬ್ಬದ ಕೇಕ್‌ಗಳನ್ನು ಮಾಡಿಕೊಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ತರಗತಿಗೆ ಸೇರಿ ಎಂಬುದೇ ನನ್ನ ಸಲಹೆ. ಆದರೆ ಸೇರುವ ಮುನ್ನ ಆ ಜಾಹೀರಾತಿನ ಲೆಕ್ಕವನ್ನು ಒಮ್ಮೆ ನೋಡಿ. ಮೂರು ದಿನಕ್ಕೆ ಒಟ್ಟು ಹದಿನೈದು ಗಂಟೆ. ಹನ್ನೆರಡು ಕೇಕ್ ಎಂದರೆ ಒಂದಕ್ಕೆ ಒಂದೂಕಾಲು ಗಂಟೆ. ಸ್ಪಾಂಜ್ ಬೇಯಲು ಅರ್ಧ ಗಂಟೆಗಿಂತ ಹೆಚ್ಚು ಬೇಕು, ಅದು ಒಳಗಿನವರೆಗೂ ಆರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಆರದ ಸ್ಪಾಂಜ್ ಮೇಲೆ ಕ್ರೀಮ್ ನಿಲ್ಲುವುದಿಲ್ಲ. ಆದ್ದರಿಂದ ಆ ಹನ್ನೆರಡರಲ್ಲಿ ಬಹುಪಾಲು ಕೇಕ್‌ಗಳನ್ನು ಶಿಕ್ಷಕರೇ ಮೊದಲೇ ತಯಾರಿಸಿಟ್ಟ ಸ್ಪಾಂಜ್ ಮೇಲೆ ಮಾಡಿ ತೋರಿಸುತ್ತಾರೆ, ಕಲಿಯುವವರು ಸುತ್ತ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಾರೆ ಎಂದೇ ಅರ್ಥ. ಹಾಗಿದ್ದರೆ ಅದಕ್ಕೂ ಯೂಟ್ಯೂಬ್‌ಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಒಂದೇ ಕೇಕನ್ನು ಆರಂಭದಿಂದ ಕೊನೆಯವರೆಗೆ ನಿಮ್ಮ ಕೈಯಿಂದಲೇ ಮಾಡಿಸಿ, ಮರುದಿನ ಅದನ್ನೇ ಮತ್ತೊಮ್ಮೆ ಮಾಡಿಸುವ ತರಗತಿ ಸಿಕ್ಕರೆ, ಪಟ್ಟಿಯಲ್ಲಿ ಎರಡೇ ಕೇಕ್‌ಗಳಿದ್ದರೂ ಅದು ಹೆಚ್ಚು ಬೆಲೆಯುಳ್ಳದ್ದು.

ಏಕೆಂದರೆ ಈ ವಿದ್ಯೆಯಲ್ಲಿ ಕಣ್ಣಿಗೆ ಕಾಣುವ ಭಾಗ ಕಡಿಮೆ, ಕೈಗೆ ತಿಳಿಯುವ ಭಾಗ ಹೆಚ್ಚು. ಕ್ರೀಮ್‌ನ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಬೇಕರಿಗಳೂ ಮನೆಯಲ್ಲಿ ಕೇಕ್ ಮಾಡುವವರೂ ಹೆಚ್ಚಾಗಿ ಬಳಸುವುದು ಸಸ್ಯಜನ್ಯ ಕೊಬ್ಬಿನಿಂದ ತಯಾರಾದ, ಗಡ್ಡೆಕಟ್ಟಿಸಿ ಮಾರುವ ವಿಪ್ಪಿಂಗ್ ಕ್ರೀಮ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬಿನ ಅಂಶ ಶೇ 25ರ ಆಸುಪಾಸಿನಲ್ಲಿರುವುದರಿಂದ ಎಷ್ಟು ಬೀಟ್ ಮಾಡಿದರೂ ಅದು ಗಟ್ಟಿಯಾಗಿ ನಿಲ್ಲುವುದಿಲ್ಲ. ಹಾಲಿನ ಕ್ರೀಮ್ ನಿಲ್ಲಬೇಕಾದರೆ ಕೊಬ್ಬು ಶೇ 30ಕ್ಕಿಂತ ಕಡಿಮೆಯಿರಬಾರದು. ವಿಪ್ಪಿಂಗ್ ಕ್ರೀಮ್‌ನ ಪ್ಯಾಕೆಟ್ಟನ್ನು ಹಿಂದಿನ ದಿನವೇ ಫ್ರೀಜರ್‌ನಿಂದ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ, ಕರಗಿಯೂ ಚೆನ್ನಾಗಿ ತಣ್ಣಗಿರುವಾಗಲೇ ಬೀಟ್ ಮಾಡಬೇಕು. ಬಟ್ಟಲು, ಬೀಟರ್‌ನ ಕಡ್ಡಿಗಳು ಕೂಡ ತಣ್ಣಗಿರಬೇಕು. ಕೊಬ್ಬಿನ ಕಣಗಳು ತಣ್ಣಗಿದ್ದು ಗಟ್ಟಿಯಾಗಿದ್ದರೆ ಮಾತ್ರ ಗಾಳಿಯ ಗುಳ್ಳೆಗಳ ಸುತ್ತ ಕೂಡಿಕೊಂಡು ಅವುಗಳನ್ನು ಹಿಡಿದಿಡುತ್ತವೆ. ಬೆಚ್ಚಗಾದ ಕೊಬ್ಬು ಮೆತ್ತಗಾಗಿ ಗಾಳಿಯನ್ನು ಬಿಟ್ಟುಕೊಡುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಬಟ್ಟಲಿನ ಕೆಳಗೆ ಐಸ್ ನೀರಿನ ಪಾತ್ರೆ ಇಟ್ಟುಕೊಳ್ಳದೆ ಈ ಕೆಲಸ ಆಗುವುದು ಕಷ್ಟ. ಕರೆಂಟ್ ಹೋಗಿ ಬಂದು ಒಮ್ಮೆ ಕರಗಿ ಮತ್ತೆ ಗಡ್ಡೆಕಟ್ಟಿದ ಕ್ರೀಮ್ ಸರಿಯಾಗಿ ಉಬ್ಬುವುದಿಲ್ಲವಾದ್ದರಿಂದ, ಬೇಕಾದಾಗ ಬೇಕಾದಷ್ಟೇ ತರುವುದು ಒಳ್ಳೆಯದು.

ಇಷ್ಟನ್ನು ಓದಿಯೂ ತಿಳಿಯಬಹುದು. ಓದಿ ತಿಳಿಯಲಾಗದ್ದು, ಬೀಟರ್ ಅನ್ನು ಯಾವ ಗಳಿಗೆಯಲ್ಲಿ ನಿಲ್ಲಿಸಬೇಕು ಎಂಬುದು. ಮೊದಲು ಕ್ರೀಮ್ ನೊರೆಯಾಗುತ್ತದೆ, ಆಮೇಲೆ ಬೀಟರ್ ಹಾದುಹೋದ ಗೆರೆಗಳು ಅಳಿಸದೆ ಉಳಿಯತೊಡಗುತ್ತವೆ. ಕಡ್ಡಿಯನ್ನು ಎತ್ತಿದಾಗ ಎದ್ದ ಮೊನೆ ತುದಿಯಲ್ಲಿ ಸ್ವಲ್ಪ ಬಾಗಿದರೆ ಅದು ಕೇಕಿಗೆ ಹಚ್ಚಲು ಹದ. ಬಾಗದೆ ನೆಟ್ಟಗೆ ನಿಂತರೆ ಹೂ ಬಿಡಿಸಲು ಹದ. ಅಲ್ಲಿಂದ ಮುಂದೆ ಕೆಲವೇ ಕ್ಷಣಗಳಲ್ಲಿ ಅದರ ಹೊಳಪು ಹೋಗಿ, ಮೈ ತರಿತರಿಯಾಗಿ, ಅಂಚು ಹರಿದಂತೆ ಕಾಣತೊಡಗುತ್ತದೆ. ಹಾಲಿನ ಕ್ರೀಮ್ ಆಗಿದ್ದರೆ ಇನ್ನೂ ಮುಂದೆ ಹೋಗಿ ಬೆಣ್ಣೆಯೇ ಬೇರ್ಪಡುತ್ತದೆ. ಮನೆಯಲ್ಲಿ ಮೊಸರು ಕಡೆದು ಬೆಣ್ಣೆ ತೆಗೆದವರಿಗೆ ಆ ಗಳಿಗೆ ಗೊತ್ತಿರುತ್ತದೆ. ಸಸ್ಯಜನ್ಯ ಕ್ರೀಮ್ ತರಿಯಾದಾಗ ಸ್ವಲ್ಪ ಬೀಟ್ ಮಾಡದ ದ್ರವ ಕ್ರೀಮ್ ಸೇರಿಸಿ ಚಮಚದಿಂದ ಮೃದುವಾಗಿ ಮಡಚಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಒಳ್ಳೆಯ ಶಿಕ್ಷಕರು ಉದ್ದೇಶಪೂರ್ವಕವಾಗಿ ಒಂದು ಬಟ್ಟಲು ಕ್ರೀಮ್ ಅನ್ನು ಈ ಎಲ್ಲ ಹಂತಗಳ ಮೂಲಕ ಸಾಗಿಸಿ, ಪ್ರತಿ ಹಂತದಲ್ಲೂ ನಿಮ್ಮ ಕೈಯಲ್ಲಿ ಮುಟ್ಟಿಸುತ್ತಾರೆ. ನಾನು ಕಲಿತಲ್ಲಿ ಹೀಗೆ ಮಾಡಿಸಿದ್ದರು. ಆ ಒಂದು ಪಾಠಕ್ಕಾಗಿಯೇ ಇಡೀ ಶುಲ್ಕವನ್ನು ಕೊಡಬಹುದು ಎಂಬುದು ನನ್ನ ಅಭಿಪ್ರಾಯ.

ಎರಡನೆಯದಾಗಿ, ಕೇಕಿಗೆ ಕ್ರೀಮ್ ಅನ್ನು ಸಮವಾಗಿ ಹಚ್ಚುವುದು. ಹೂಗಳ ಕಡೆಗೇ ಎಲ್ಲರ ಗಮನ ಹೋಗುತ್ತದೆ, ಆದರೆ ಮಟ್ಟವಿಲ್ಲದ ಕೇಕಿನ ಮೇಲೆ ಎಷ್ಟು ಅಂದದ ಹೂವಿಟ್ಟರೂ ಅದು ಕಳೆಗಟ್ಟುವುದಿಲ್ಲ. ಸ್ಪಾಂಜ್‌ನ ಉಬ್ಬಿದ ನೆತ್ತಿಯನ್ನು ಹಲ್ಲಿನ ಚಾಕುವಿನಿಂದ ತೆಗೆದು, ಉಳಿದದ್ದನ್ನು ಎರಡು ಅಥವಾ ಮೂರು ಪದರಗಳಾಗಿ ಸೀಳಿ, ಪ್ರತಿ ಪದರಕ್ಕೂ ಸಕ್ಕರೆ ಪಾಕದ ನೀರನ್ನು ಹಿತಮಿತವಾಗಿ ಚಿಮುಕಿಸಬೇಕು. ಪಾಕ ಕಡಿಮೆಯಾದರೆ ಕೇಕ್ ಒಣಗಿದಂತಿರುತ್ತದೆ, ಹೆಚ್ಚಾದರೆ ಕೆಳಗಿನ ಪದರ ಕುಸಿದು ಕೇಕ್ ಒಂದು ಬದಿಗೆ ವಾಲುತ್ತದೆ. ಕೇಕ್ ಬೋರ್ಡಿನ ಮಧ್ಯಕ್ಕೆ ಒಂದು ಚಮಚ ಕ್ರೀಮ್ ಹಚ್ಚಿ ಅದರ ಮೇಲೆ ಮೊದಲ ಪದರವನ್ನು ಕೂರಿಸುವುದನ್ನು ಮರೆಯಬೇಡಿ. ಇಲ್ಲವಾದರೆ ಸ್ಕೂಟರಿನಲ್ಲೋ ಆಟೋದಲ್ಲೋ ಒಯ್ಯುವಾಗ ರಸ್ತೆಯ ಮೊದಲ ಉಬ್ಬಿನಲ್ಲಿಯೇ ಕೇಕ್ ಜಾರಿ ಪೆಟ್ಟಿಗೆಯ ಗೋಡೆಗೆ ತಾಗುತ್ತದೆ.

ಮೊಟ್ಟೆಯಿಲ್ಲದ ಸ್ಪಾಂಜ್ ಹೆಚ್ಚು ಪುಡಿ ಉದುರಿಸುತ್ತದೆ. ಆದ್ದರಿಂದ ಮೊದಲು ತೆಳುವಾಗಿ ಒಂದು ಪದರ ಕ್ರೀಮ್ ಹಚ್ಚಿ, ಆ ಪುಡಿಯನ್ನೆಲ್ಲ ಅದರಲ್ಲಿ ಹಿಡಿದಿಟ್ಟು, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಆಮೇಲೆ ಮೇಲಿನ ಅಂತಿಮ ಪದರವನ್ನು ಕೊಡಬೇಕು. ಇದನ್ನು ಕ್ರಂಬ್ ಕೋಟ್ ಎನ್ನುತ್ತಾರೆ. ಸಮಯ ಉಳಿಸಲೆಂದು ಇದನ್ನೇ ಬಿಟ್ಟುಬಿಡುವ ತರಗತಿಗಳಿವೆ. ನೀವು ಮೊಟ್ಟೆಯಿಲ್ಲದ ಕೇಕ್ ಮಾಡುವವರಾದ್ದರಿಂದ ಇದನ್ನು ಕೇಳಿಯಾದರೂ ಕಲಿಯಿರಿ. ಅಂತಿಮ ಪದರ ಹಚ್ಚುವಾಗ ಚಲಿಸಬೇಕಾದದ್ದು ಟರ್ನ್‌ಟೇಬಲ್ ಎಂಬ ತಿರುಗುವ ಪೀಠ, ನಿಮ್ಮ ಬಲಗೈಯಲ್ಲ. ಬಲಗೈಯ ಸ್ಕ್ರೇಪರ್ (ಕ್ರೀಮ್ ಸಮಮಾಡುವ ಚಪ್ಪಟೆ ಪಟ್ಟಿ) ಒಂದೇ ಜಾಗದಲ್ಲಿ, ಕೇಕಿಗೆ ಸ್ವಲ್ಪ ಓರೆಯಾಗಿ, ತಳ ಬೋರ್ಡಿಗೆ ಒತ್ತಿಕೊಂಡು ನಿಂತಿರಬೇಕು. ಎಡಗೈ ಟೇಬಲನ್ನು ನಿಲ್ಲಿಸದೆ ಒಂದು ಪೂರ್ತಿ ಸುತ್ತು ತಿರುಗಿಸಬೇಕು. ಶಿಕ್ಷಕರು ನಿಮ್ಮ ಹಿಂದೆ ನಿಂತು ಮಣಿಕಟ್ಟಿನ ಕೋನವನ್ನು ತಿದ್ದುವುದು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ತಪ್ಪು ಎಲ್ಲಿದೆ ಎಂಬುದು ಮಾಡುವವರಿಗೆ ಕಾಣುವುದಿಲ್ಲ.

ಇನ್ನು ಪೈಪಿಂಗ್, ಅಂದರೆ ತುದಿಗೆ ನಾಜಲ್ ಎಂಬ ಚಿಕ್ಕ ಕೊಳವೆ ಹಾಕಿದ ಬ್ಯಾಗಿಗೆ ಕ್ರೀಮ್ ತುಂಬಿ, ಒತ್ತಿ ಹೂ, ಅಂಚುಗಳನ್ನು ಬಿಡಿಸುವುದು. ಮೆಹಂದಿ ಕೋನ್ ಹಿಡಿದು ಅಭ್ಯಾಸವಿರುವವರು ಇದನ್ನು ಬೇಗ ಕಲಿಯುತ್ತಾರೆ, ಏಕೆಂದರೆ ಎರಡರಲ್ಲೂ ಒತ್ತಡ ಬರಬೇಕಾದದ್ದು ಮೇಲಿನಿಂದ, ದಾರಿ ತೋರಿಸಬೇಕಾದದ್ದು ತುದಿಯಿಂದ. ಬ್ಯಾಗನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ತುಂಬಿದ ಬ್ಯಾಗ್ ಅಂಗೈಯ ಶಾಖಕ್ಕೆ ಬೇಗ ಮೆತ್ತಗಾಗುತ್ತದೆ ಮತ್ತು ಬಾಯಿ ತಿರುಚಿದ ಕಡೆಯಿಂದ ಕ್ರೀಮ್ ಮೇಲಕ್ಕೆ ಉಕ್ಕುತ್ತದೆ. ನಕ್ಷತ್ರಗಳನ್ನು ಬ್ಯಾಗ್ ನೆಟ್ಟಗೆ ಹಿಡಿದು ಬಿಡಿಸಬೇಕು, ಅಂಚಿಗೆ ಹಾಕುವ, ಚಿಪ್ಪಿನಾಕಾರದ ಶೆಲ್ ಸಾಲನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು ಬಿಡಿಸಬೇಕು. ಎರಡರಲ್ಲೂ ಗುಟ್ಟು ಒಂದೇ: ಒತ್ತುವುದನ್ನು ಪೂರ್ತಿಯಾಗಿ ನಿಲ್ಲಿಸಿದ ಮೇಲೆಯೇ ಕೈಯನ್ನು ಎತ್ತಬೇಕು. ಒತ್ತುತ್ತಲೇ ಎತ್ತಿದರೆ ಪ್ರತಿ ಹೂವಿಗೂ ಬೇಡದ ಬಾಲ ಬರುತ್ತದೆ. ರೋಸೆಟ್ ಎಂದರೆ ಅದೇ ನಕ್ಷತ್ರದ ನಾಜಲ್‌ನಿಂದ ಮಧ್ಯದಿಂದ ಆರಂಭಿಸಿ ಹೊರಗೆ ಸುತ್ತುವುದು, ಅಷ್ಟೇ. ಆದರೆ ಸುತ್ತು ಮುಗಿಯುವ ಜಾಗಗಳೆಲ್ಲ ಒಂದೇ ದಿಕ್ಕಿಗಿದ್ದರೆ ಕೇಕ್ ಅಚ್ಚುಕಟ್ಟಾಗಿ ಕಾಣುತ್ತದೆ.

ನಾಜಲ್‌ಗಳ ದೊಡ್ಡ ಸೆಟ್ ಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ನನ್ನ ಅನುಭವದಲ್ಲಿ ಆರಂಭದ ವರ್ಷಕ್ಕೆ ಐದು ಸಾಕು: ತೆರೆದ ನಕ್ಷತ್ರದ 1ಎಂ, ಮುಚ್ಚಿದ ನಕ್ಷತ್ರದ 2ಡಿ, ಗುಲಾಬಿಯ ಎಸಳಿಗೆ 104, ಎಲೆಗೆ 352, ಬರೆಯಲು 2 ಅಥವಾ 3. ಈ ಸಂಖ್ಯೆಗಳು ಅಮೆರಿಕದ ವಿಲ್ಟನ್ ಕಂಪನಿಯವು. 1929ರಲ್ಲಿ ಷಿಕಾಗೋದಲ್ಲಿ ಡ್ಯೂಯಿ ಮೆಕಿನ್ಲಿ ವಿಲ್ಟನ್ ಎಂಬವರು ಕೇಕ್ ಅಲಂಕಾರ ಕಲಿಸಲು ಆರಂಭಿಸಿದ್ದು ಅದರ ಮೂಲ. ಇಂದು ದೇಶದೇಶಗಳಲ್ಲಿ ನಡೆಯುವ ಆರಂಭಿಕರ ತರಗತಿಗಳಲ್ಲಿ ನಕ್ಷತ್ರ, ಶೆಲ್, ಗುಲಾಬಿ ಎಂಬ ಪಾಠಕ್ರಮ ಕಾಣುವುದರಲ್ಲಿ ಆ ಪರಂಪರೆಯ ಪ್ರಭಾವ ದೊಡ್ಡದು. ನಮ್ಮ ಮಾರುಕಟ್ಟೆಯ ಎಲ್ಲ ತಯಾರಕರೂ ಅದೇ ಸಂಖ್ಯೆಗಳನ್ನು ಅನುಸರಿಸುವುದಿಲ್ಲವಾದ್ದರಿಂದ ಕೊಳ್ಳುವಾಗ ಸಂಖ್ಯೆಯ ಜೊತೆಗೆ ಬಾಯಿಯ ಆಕಾರವನ್ನೂ ನೋಡಿ. ಈಗ ಇನ್‌ಸ್ಟಾಗ್ರಾಂನಲ್ಲಿ ಎಲ್ಲೆಲ್ಲೂ ಕಾಣುವ, ಝಾಲರಿಯಂಥ ಅಂಚುಗಳ ಹೃದಯಾಕಾರದ ಕೇಕ್‌ಗಳನ್ನು ಕಲಿಸುತ್ತಾರೆಯೇ ಎಂದು ಅನೇಕರು ಕೇಳುತ್ತಾರೆ. ಅವು ಇಂಗ್ಲೆಂಡಿನ ಜೋಸೆಫ್ ಲ್ಯಾಂಬೆತ್ ಹೆಸರಿನಲ್ಲಿ ಪ್ರಸಿದ್ಧವಾದ, ಪೈಪಿಂಗ್ ಮೇಲೆ ಪೈಪಿಂಗ್ ಪೇರಿಸುವ ಹಳೆಯ ಶೈಲಿಯಿಂದ ಬಂದವು. ಶೆಲ್ ಸಾಲು ಸಮನಾಗಿ ಬಾರದೆ ಅಲ್ಲಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ಕೇಕಿನ ಮೇಲೆ ಕನ್ನಡದಲ್ಲಿ ಬರೆಯುವುದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದನ್ನು ಕಲಿಸುವವರು ಬಹಳ ಕಡಿಮೆ. ತರಗತಿಗಳಲ್ಲಿ ಅಭ್ಯಾಸ ಮಾಡಿಸುವುದು ಸಾಮಾನ್ಯವಾಗಿ ‘ಹ್ಯಾಪಿ ಬರ್ತ್‌ಡೇ’ಯನ್ನು, ಅದೂ ಇಂಗ್ಲಿಷಿನ ಕೂಡಿಸಿ ಬರೆಯುವ ಅಕ್ಷರಗಳಲ್ಲಿ. ಆದರೆ ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ, ಶಾಲೆಯ ಮೇಷ್ಟರ ನಿವೃತ್ತಿಗೆ, ನವೆಂಬರ್ ತಿಂಗಳಿನ ಕಾರ್ಯಕ್ರಮಗಳಿಗೆ ಕನ್ನಡದಲ್ಲೇ ಬರೆದುಕೊಡಿ ಎಂದು ಕೇಳುವವರು ನಮ್ಮ ಊರುಗಳಲ್ಲಿ ಇದ್ದೇ ಇದ್ದಾರೆ. ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ಎಡೆಬಿಡದೆ ಹರಿಯುವ ಕ್ರೀಮ್‌ಗೆ ಒಗ್ಗುತ್ತವೆ. ಕಷ್ಟ ಬರುವುದು ಒತ್ತಕ್ಷರಗಳಲ್ಲಿ. ‘ಹುಟ್ಟುಹಬ್ಬದ ಶುಭಾಶಯಗಳು’ ಎಂಬುದನ್ನು ಅರ್ಧ ಕೆ.ಜಿ. ಕೇಕಿನ ಆರು ಇಂಚಿನ ಮೈಮೇಲೆ ಒಂದೇ ಸಾಲಿನಲ್ಲಿ ಬರೆಯಲಾಗುವುದಿಲ್ಲ. ಎರಡು ಸಾಲು ಮಾಡಿದರೆ ಮೇಲಿನ ಸಾಲಿನ ಟವತ್ತು, ಬವತ್ತುಗಳು ಕೆಳಗಿನ ಸಾಲಿನ ತಲೆಕಟ್ಟುಗಳಿಗೆ ತಾಗುತ್ತವೆ. ಆದ್ದರಿಂದ ಸಾಲುಗಳ ನಡುವೆ ಅಕ್ಷರದ ಎತ್ತರದಷ್ಟೇ ಖಾಲಿ ಜಾಗ ಬಿಡಬೇಕು, ಒತ್ತಕ್ಷರವನ್ನು ಮೂಲ ಅಕ್ಷರದ ಅರ್ಧದಷ್ಟು ಚಿಕ್ಕದಾಗಿ, ಅದರ ಬಲಗೆಳಗೆ ತಗುಲಿಸಿ ಬರೆಯಬೇಕು. ಮೊದಲು ಹಲ್ಲುಕಡ್ಡಿಯಿಂದ ಕ್ರೀಮ್ ಮೇಲೆ ಹಗುರವಾಗಿ ಗೆರೆ ಎಳೆದುಕೊಂಡು, ಪದದ ಮಧ್ಯದ ಅಕ್ಷರ ಕೇಕಿನ ಮಧ್ಯಕ್ಕೆ ಬರುವಂತೆ ಗುರುತು ಮಾಡಿಕೊಂಡರೆ ಕೊನೆಯ ಅಕ್ಷರಗಳು ಅಂಚಿನಲ್ಲಿ ಇಕ್ಕಟ್ಟಾಗುವುದಿಲ್ಲ. ಬರೆಯಲು ನಾನು ಬಳಸುವುದು ಕರಗಿಸಿದ ಚಾಕೊಲೇಟ್ ತುಂಬಿದ, ತುದಿಯನ್ನು ಸೂಜಿಮೊನೆಯಷ್ಟೇ ಕತ್ತರಿಸಿದ ಚಿಕ್ಕ ಕೋನ್. ಚಿಕ್ಕ ಕೇಕ್ ಆದರೆ ‘ಶುಭಾಶಯ’ ಎಂದಷ್ಟೇ ಬರೆದು ಅದರ ಕೆಳಗೆ ಹೆಸರು ಬರೆಯಿರಿ. ನಿಮ್ಮ ಶಿಕ್ಷಕರು ಕನ್ನಡ ಬರವಣಿಗೆಯನ್ನು ಕಲಿಸದಿದ್ದರೂ, ಇಂಗ್ಲಿಷ್ ಬರೆಯಲು ಕೊಟ್ಟ ಸಮಯದಲ್ಲಿ ನೀವು ಕನ್ನಡವನ್ನೇ ಬರೆದು ತೋರಿಸಿ. ಒತ್ತಡದ ಬಗ್ಗೆ ಅವರು ಹೇಳುವ ಸಲಹೆ ಎರಡಕ್ಕೂ ಒಂದೇ.

ಫಾಂಡೆಂಟ್ (ಲಟ್ಟಿಸಿ ಕೇಕಿಗೆ ಹೊದಿಸುವ ಸಕ್ಕರೆಯ ಕಣಕ) ಮತ್ತು ಬಟರ್‌ಕ್ರೀಮ್ (ಬೆಣ್ಣೆ, ಸಕ್ಕರೆ ಬೀಟ್ ಮಾಡಿದ ಕ್ರೀಮ್) ಇವುಗಳನ್ನು ಆರಂಭದ ತರಗತಿಯಲ್ಲಿ ನಿರೀಕ್ಷಿಸಬೇಡಿ. ಬೆಣ್ಣೆ 32ರಿಂದ 35 ಡಿಗ್ರಿಯಲ್ಲಿ ಕರಗುವುದರಿಂದ ನಮ್ಮ ಬೇಸಿಗೆಗೆ ಬಟರ್‌ಕ್ರೀಮ್ ಒಗ್ಗುವುದಿಲ್ಲ, ಫಾಂಡೆಂಟ್‌ಗೆ ತೇವ ಒಗ್ಗುವುದಿಲ್ಲ. ಅವೆರಡೂ ಮುಂದಿನ ಹಂತದ ವಿಷಯ.

ಬಣ್ಣದ ವಿಷಯದಲ್ಲಿ ಮಾತ್ರ ಮೊದಲ ದಿನದಿಂದಲೇ ಎಚ್ಚರವಿರಲಿ. 2024ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆಯು ಬೆಂಗಳೂರಿನ ಬೇಕರಿಗಳಿಂದ ಸಂಗ್ರಹಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಪ್ರಕಟಿಸಿತ್ತು. ಕೃತಕ ಬಣ್ಣಗಳೇ ಅದಕ್ಕೆ ಕಾರಣ, ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್ ಕೇಕ್‌ಗಳ ಹೆಸರು ಆಗ ಹೆಚ್ಚಾಗಿ ಕೇಳಿಬಂದಿತ್ತು. ಬಿಳಿ ಕ್ರೀಮ್‌ಗೆ ಕಡುಗೆಂಪು ಅಥವಾ ಕಪ್ಪು ಬರಿಸಲು ಹೋದಾಗಲೇ ಬಣ್ಣ ಮಿತಿ ಮೀರುವುದು, ರುಚಿಯೂ ಕಹಿಯಾಗುವುದು. ಕಪ್ಪು ಬೇಕಿದ್ದರೆ ಚಾಕೊಲೇಟ್ ಕ್ರೀಮ್‌ನಿಂದ ಆರಂಭಿಸಿ. ಜೆಲ್ ಬಣ್ಣಗಳು ಬೆರೆಸಿದ ಮೇಲೆ ಕೆಲವು ಗಂಟೆಗಳಲ್ಲಿ ತಾವಾಗಿಯೇ ಗಾಢವಾಗುವುದರಿಂದ ಬೇಕಾದದ್ದಕ್ಕಿಂತ ಒಂದು ಛಾಯೆ ತಿಳಿಯಾಗಿರುವಾಗಲೇ ನಿಲ್ಲಿಸಿ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ಇಲ್ಲದ ಬಣ್ಣವನ್ನು, ತಿನ್ನಲು ಯೋಗ್ಯವೆಂದು ಸ್ಪಷ್ಟವಾಗಿ ನಮೂದಿಸದ ಹೊಳಪಿನ ಪುಡಿಯನ್ನು ತರಗತಿಯಲ್ಲಿ ಬಳಸುತ್ತಿದ್ದರೆ ಹಿಂಜರಿಯದೆ ಪ್ರಶ್ನಿಸಿ. ಈ ಕೇಕ್‌ಗಳಲ್ಲಿ ಹೆಚ್ಚಿನವನ್ನು ತಿನ್ನುವವರು ಮಕ್ಕಳು. ವಿಪ್ಪಿಂಗ್ ಕ್ರೀಮ್‌ನ ಪ್ಯಾಕೆಟ್ಟಿನ ಮೇಲೆ ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬಿನ ಪ್ರಮಾಣವನ್ನೂ ಓದುವ ಅಭ್ಯಾಸ ಮಾಡಿಕೊಳ್ಳಿ. 2022ರ ಜನವರಿಯಿಂದ ಅದಕ್ಕೆ ಶೇ 2ರ ಮಿತಿಯಿದೆ.

ತರಗತಿ ಮುಗಿದ ಮೇಲಿನ ವಾರಗಳು ತರಗತಿಯಷ್ಟೇ ಮುಖ್ಯ. ದಿನವೂ ಕೇಕ್ ಮಾಡಬೇಕಾಗಿಲ್ಲ. ವನಸ್ಪತಿ ಮತ್ತು ಐಸಿಂಗ್ ಸಕ್ಕರೆಯನ್ನು ಬೀಟ್ ಮಾಡಿ ಒಂದು ಡಬ್ಬಿಯಲ್ಲಿಟ್ಟುಕೊಂಡರೆ, ಅದರಿಂದ ಸ್ಟೀಲ್ ತಟ್ಟೆಯ ಬೆನ್ನ ಮೇಲೆ ಶೆಲ್, ರೋಸೆಟ್, ಅಕ್ಷರಗಳನ್ನು ಬಿಡಿಸಿ, ಕೆರೆದು ತೆಗೆದು, ಮತ್ತೆ ಬ್ಯಾಗಿಗೆ ತುಂಬಿ ಎಷ್ಟು ಸಲ ಬೇಕಾದರೂ ಅಭ್ಯಾಸ ಮಾಡಬಹುದು. ತಿನ್ನಲು ಬಳಸದ ಈ ಮಿಶ್ರಣಕ್ಕೆ ಗುರುತು ಅಂಟಿಸಿಡಿ. ಸಮವಾಗಿ ಹಚ್ಚುವುದನ್ನು ಕಲಿಯಲು ಕೇಕಿನ ಬದಲು ಒಂದು ದುಂಡಗಿನ ಡಬ್ಬಿಯನ್ನೇ ಟರ್ನ್‌ಟೇಬಲ್ ಮೇಲೆ ಬೋರಲು ಹಾಕಿಕೊಳ್ಳಬಹುದು. ಕೊಳ್ಳಬೇಕಾದದ್ದು ಟರ್ನ್‌ಟೇಬಲ್, ಕೈಯಲ್ಲಿ ಹಿಡಿಯುವ ಬೀಟರ್, ಒಂದು ಪ್ಯಾಲೆಟ್ ನೈಫ್ (ಕ್ರೀಮ್ ಹಚ್ಚುವ ಮೊಂಡು ಚಪ್ಪಟೆ ಚಾಕು), ಒಂದು ಸ್ಕ್ರೇಪರ್, ಆ ಐದು ನಾಜಲ್‌ಗಳು. ತರಗತಿ ನಡೆಸುವವರೇ ಅಲ್ಲಿ ಸಾಮಾನು ಮಾರುತ್ತಿದ್ದರೆ, ಊರಿನ ಬೇಕರಿ ಸಾಮಗ್ರಿ ಅಂಗಡಿಯ ಬೆಲೆಯನ್ನು ವಿಚಾರಿಸಿದ ಮೇಲೆ ತೀರ್ಮಾನಿಸಿ.

ಆರ್ಡರ್ ತೆಗೆದುಕೊಳ್ಳುವ ಬಗ್ಗೆ ಹೇಳುವುದಾದರೆ, ತರಗತಿಯ ಕೊನೆಗೆ ಕೊಡುವ ಪ್ರಮಾಣಪತ್ರವನ್ನು ಗ್ರಾಹಕರು ಯಾರೂ ಕೇಳುವುದಿಲ್ಲ. ಬೇಕಾದದ್ದು ಎಫ್‌ಎಸ್‌ಎಸ್‌ಎಐ ನೋಂದಣಿ. ಚಿಕ್ಕ ವಹಿವಾಟಿನ ಮನೆ ಉದ್ಯಮಕ್ಕೆ ಮೂಲ ನೋಂದಣಿ ಸಾಕು, ಅರ್ಜಿಯನ್ನು ಎಫ್‌ಎಸ್‌ಎಸ್‌ಎಐಯ ಫೋಸ್ಕೋಸ್ ಜಾಲತಾಣದಲ್ಲಿ ಸಲ್ಲಿಸಬಹುದು. ಮೊದಲ ಕೆಲವು ತಿಂಗಳು ಮನೆಯವರಿಗೆ, ನೆಂಟರಿಗೆ ಮಾಡಿಕೊಟ್ಟು, ಒಂದೇ ಅಳತೆಯ, ಎರಡೇ ರುಚಿಯ ಕೇಕ್‌ಗಳಲ್ಲಿ ಕೈ ಕುದುರಿದ ಮೇಲೆ ಹಣ ಪಡೆಯಲು ಆರಂಭಿಸಿ ಎಂದು ನಾನು ಹೇಳುತ್ತೇನೆ. ಅಲಂಕಾರವಷ್ಟೇ ಅಲ್ಲದೆ ಬೇಕರಿಯ ಕೆಲಸವನ್ನೇ ವೃತ್ತಿಯಾಗಿ ಕಲಿಯುವ ಮನಸ್ಸಾದರೆ, ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕವಿದೆ. ಅಲ್ಲಿನ ಕೋರ್ಸ್‌ಗಳನ್ನು ವಿಚಾರಿಸಿ. ಸಕ್ಕರೆಯಲ್ಲಿ ಎಂಥ ಕೆಲಸ ಸಾಧ್ಯ ಎಂಬುದನ್ನು ನೋಡಬೇಕಿದ್ದರೆ 1970ರ ದಶಕದಿಂದ ಬೆಂಗಳೂರಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ನಡೆದುಬಂದಿರುವ ಕೇಕ್ ಪ್ರದರ್ಶನಕ್ಕೆ ಒಮ್ಮೆ ಹೋಗಿಬನ್ನಿ.

ಈಗ ನೀವು ಮಾಡಬೇಕಾದದ್ದು, ಆ ಜಾಹೀರಾತಿನಲ್ಲಿರುವ ಸಂಖ್ಯೆಗೆ ಕರೆಮಾಡಿ ಕೆಲವು ನೇರ ಪ್ರಶ್ನೆಗಳನ್ನು ಕೇಳುವುದು. ಒಂದು ತಂಡದಲ್ಲಿ ಎಷ್ಟು ಜನ ಇರುತ್ತಾರೆ, ಪ್ರತಿಯೊಬ್ಬರಿಗೂ ಬೇರೆ ಸ್ಪಾಂಜ್, ಬೇರೆ ಟರ್ನ್‌ಟೇಬಲ್, ಬೇರೆ ಬ್ಯಾಗ್ ಕೊಡುತ್ತಾರೆಯೇ, ಕ್ರೀಮ್ ಬೀಟ್ ಮಾಡುವುದನ್ನು ಕಲಿಯುವವರ ಕೈಯಿಂದಲೇ ಮಾಡಿಸುತ್ತಾರೆಯೇ, ಮೊಟ್ಟೆಯಿಲ್ಲದ ಸ್ಪಾಂಜ್ ಬಳಸುತ್ತಾರೆಯೇ, ಮಾಡಿದ ಕೇಕನ್ನು ಮನೆಗೆ ಒಯ್ಯಬಹುದೇ, ತರಗತಿಯ ನಂತರ ಸಂದೇಹ ಬಂದರೆ ಫೋನ್ ಮಾಡಬಹುದೇ ಎಂದು ಕೇಳಿ. ಆರೆಂಟು ಜನರಿಗಿಂತ ಹೆಚ್ಚು ಇದ್ದರೆ ಒಬ್ಬ ಶಿಕ್ಷಕರು ಎಲ್ಲರ ಕೈಯನ್ನೂ ತಿದ್ದಲಾರರು. ಉತ್ತರಗಳು ಸಮಾಧಾನಕರವಾಗಿದ್ದರೆ ಆರು ಸಾವಿರ ಹೆಚ್ಚೇನಲ್ಲ, ಏಕೆಂದರೆ ಸಾಮಗ್ರಿಯ ಖರ್ಚೂ ಅದರಲ್ಲೇ ಇರುತ್ತದೆ. ಎಲ್ಲವನ್ನೂ ಮಾಡಿ ತೋರಿಸುತ್ತೇವೆ, ನೋಟ್ಸ್ ಕೊಡುತ್ತೇವೆ ಎಂಬ ಉತ್ತರವಷ್ಟೇ ಬಂದರೆ ಆ ಹಣದಲ್ಲಿ ಸಾಮಾನು ಮತ್ತು ಕೆಲವು ಕಿಲೋ ಕ್ರೀಮ್ ಕೊಂಡು, ಊರಿನಲ್ಲಿ ಮನೆಯಿಂದ ಕೇಕ್ ಮಾಡುವ ಯಾರಾದರೊಬ್ಬರಲ್ಲಿ ಒಂದು ಮಧ್ಯಾಹ್ನ ಜೊತೆಯಲ್ಲಿ ಕೂತು ಕೆಲಸ ಮಾಡಲು ಅವಕಾಶ ಕೇಳಿ. ಅದಕ್ಕಾಗಿ ಅವರಿಗೆ ಗೌರವಧನ ಕೊಡಿ.